ಸ್ನಾಬ್, ಪಾರ್ವೆನ್ಯೂ, ಪೋಝರ್: ಇವರೆಲ್ಲರನ್ನೂ ‘ಜಂಬಗಾರ’ ಎಂದರೆ ಸಾಕೇ?

ಪೆರ್ಲದ ಮಾಷ್ಟ್ರು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಶಾಲೆಯೊಂದರಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳುವವನು. ಈ ಸಲದ ವಾರ್ಷಿಕೋತ್ಸವಕ್ಕೆಂದು ಫ್ರೆಂಚಿನ ಹಳೆಯ ಪ್ರಹಸನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಂಗ್ಲಿಷ್ ಅನುವಾದವನ್ನು ಎದುರಿಗಿಟ್ಟುಕೊಂಡು, ಅನುಮಾನ ಬಂದಲ್ಲಿ ಮೂಲವನ್ನೂ ನಿಘಂಟನ್ನೂ ನೋಡುತ್ತ, ಹೇಗೋ ಕೊನೆಯ ದೃಶ್ಯದವರೆಗೆ ಬಂದು ಮುಟ್ಟಿದೆ. ಅಲ್ಲಿ ಒಂದು ಜಗಳವಿದೆ. ಮದುವೆಮನೆಯಲ್ಲಿ ಸೇರಿದ ಐದಾರು ಮಂದಿ ತಾವೇ ದೊಡ್ಡವರೆಂದು ತೋರಿಸಿಕೊಳ್ಳಲು ಹೋಗಿ, ಕೊನೆಗೆ ಒಬ್ಬರ ಮುಖಕ್ಕೆ ಇನ್ನೊಬ್ಬರು ಬೈಗುಳ ಎಸೆಯುತ್ತಾರೆ. ಒಬ್ಬ ಸ್ನಾಬ್, ಒಬ್ಬ ಪಾರ್ವೆನ್ಯೂ, ಒಬ್ಬ ಪೋಝರ್, ಒಬ್ಬ ‘ಫಾತ್’, ಮತ್ತೊಬ್ಬ ‘ಮಾ ತ್ಯು ವ್ಯು’, ಇವರೆಲ್ಲರ ನಡುವೆ ಪಾಂಪಸ್ ಎನಿಸಿಕೊಂಡ ಒಬ್ಬ ಅಧಿಕಾರಿ.

ನನ್ನ ಮೊದಲ ಕರಡಿನಲ್ಲಿ ಈ ಆರೂ ಮಂದಿ ‘ಜಂಬಗಾರ’ರಾಗಿಬಿಟ್ಟರು. ಬೇಸರ ಬಂದಲ್ಲಿ ‘ಡೌಲುಗಾರ’ ಎಂದೆ, ‘ಅಹಂಕಾರಿ’ ಎಂದೆ, ಒಂದು ಕಡೆ ‘ಬಡಾಯಿಕೋರ’ ಎಂದೂ ಹಾಕಿದೆ. ಆದರೆ ಯಾವುದನ್ನು ಎಲ್ಲಿ ಹಾಕಿದೆನೆಂಬುದಕ್ಕೆ ನನ್ನಲ್ಲೇ ಕಾರಣವಿರಲಿಲ್ಲ. ಅಭ್ಯಾಸದ ಮೊದಲ ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕಾಗದವನ್ನು ಕೆಳಗಿಟ್ಟು, “ಮಾಷ್ಟ್ರೇ, ಇವರೆಲ್ಲ ಒಂದೇ ಬೈಗುಳವನ್ನು ಯಾಕೆ ತಿರುಗಿ ತಿರುಗಿ ಹೇಳುವುದು? ಸಿಟ್ಟು ಬಂದವರು ಹೀಗೆ ಬೈಯುತ್ತಾರಾ?” ಎಂದು ಕೇಳಿದಳು. ಉತ್ತರ ತೋಚಲಿಲ್ಲ.

ಈ ಪದಗಳು ಇಂಗ್ಲಿಷ್ ಮತ್ತು ಫ್ರೆಂಚ್ ಕಿವಿಗೆ ಬೇರೆ ಬೇರೆಯಾಗಿ ಕೇಳಿಸುವುದು ಯಾವ ಕಾರಣದಿಂದ? ಕನ್ನಡದಲ್ಲಿ, ಅದರಲ್ಲಿಯೂ ತುಳು ಮಲಯಾಳಗಳ ನಡುವೆ ಬೆಳೆದ ನಮ್ಮ ಮಕ್ಕಳ ಬಾಯಿಯಲ್ಲಿ ನಿಲ್ಲುವಂತೆ, ಆ ವ್ಯತ್ಯಾಸವನ್ನು ಉಳಿಸಿಕೊಳ್ಳಲು ಸಾಧ್ಯವೇ? ತಿಳಿದವರು ದಯವಿಟ್ಟು ಬರೆಯಬೇಕು.

ಹಳೇ ನಿಘಂಟು, ನೀಲೇಶ್ವರ:

ಮಾಷ್ಟ್ರೇ, ಜಂಬಕ್ಕೆ ಪದಗಳಿಲ್ಲದ ಭಾಷೆ ಕನ್ನಡವಲ್ಲ. ಗರ್ವ, ದರ್ಪ, ಮದ, ಸೊಕ್ಕು, ಕೊಬ್ಬು, ಠೇಂಕಾರ, ಗತ್ತು, ಬಿಂಕ, ಬಿಗುಮಾನ ಎಂದು ಒಂದು ಉಸಿರಿಗೆ ಹತ್ತು ಹೇಳಬಹುದು. ಆದರೆ ಇವುಗಳಲ್ಲಿ ಹೆಚ್ಚಿನವು ಮನಸ್ಸಿನೊಳಗಿನ ಉಬ್ಬರವನ್ನೋ ಮೈಯ ಠೀವಿಯನ್ನೋ ಹೇಳುತ್ತವೆ. ನೀವು ಕೊಟ್ಟ ಪಟ್ಟಿಯಲ್ಲಿ ಸ್ನಾಬ್ ಮತ್ತು ಪಾರ್ವೆನ್ಯೂ ಎಂಬ ಎರಡು ಪದಗಳು ಸಮಾಜದ ಮೆಟ್ಟಿಲಿನ ಮೇಲೆ ಆ ವ್ಯಕ್ತಿ ಎಲ್ಲಿ ನಿಂತಿದ್ದಾನೆ, ಯಾವ ಕಡೆಗೆ ನೋಡುತ್ತಿದ್ದಾನೆ ಎಂಬುದನ್ನು ಹೇಳುತ್ತವೆ. ತೊಡಕು ಇರುವುದು ಅಲ್ಲಿ.

ಸ್ನಾಬ್ ಎಂಬುದರ ಚರಿತ್ರೆ ವಿಚಿತ್ರವಾದುದು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲಿಷಿನಲ್ಲಿ ಅದರ ಅರ್ಥ ಚಮ್ಮಾರ, ಇಲ್ಲವೇ ಚಮ್ಮಾರನ ಬಳಿ ಕೆಲಸ ಕಲಿಯುವ ಹುಡುಗ ಎಂದಿತ್ತು. ಕೇಂಬ್ರಿಜ್ ವಿದ್ಯಾರ್ಥಿಗಳು ಅದನ್ನು ತಮ್ಮ ಪೋಲಿ ಮಾತಿಗೆ ಎಳೆದುಕೊಂಡು, ವಿಶ್ವವಿದ್ಯಾಲಯಕ್ಕೆ ಸೇರದ ಊರಿನವರನ್ನೆಲ್ಲ ಹಾಗೆ ಕರೆಯತೊಡಗಿದರು. ಬಳಿಕ ಅದು ನಯನಾಜೂಕು ತಿಳಿಯದ ಸಾಮಾನ್ಯ ಮನುಷ್ಯ ಎಂಬಲ್ಲಿಗೆ ಬಂತು. 1846 ಮತ್ತು 1847ರಲ್ಲಿ ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆ ‘ಪಂಚ್’ ಎಂಬ ಹಾಸ್ಯಪತ್ರಿಕೆಯಲ್ಲಿ ಇಂಗ್ಲೆಂಡಿನ ಸ್ನಾಬ್‌ಗಳ ಬಗ್ಗೆ ಲೇಖನಮಾಲೆ ಬರೆದು 1848ರಲ್ಲಿ ಅದನ್ನು ಪುಸ್ತಕ ಮಾಡಿದ ಮೇಲೆ, ಮೇಲಿನವರನ್ನು ಅಗ್ಗವಾಗಿ ಅನುಕರಿಸುವವನು ಎಂಬ ಅರ್ಥ ಗಟ್ಟಿಯಾಯಿತು. ಕೆಳಗಿನವರನ್ನು ಕಂಡು ಮೂಗು ಮುರಿಯುವವನು ಎಂಬ ಈಗಿನ ಅರ್ಥ ಅದರ ಬೆನ್ನಿಗೆ ಬಂದದ್ದು. ‘ಉದಾತ್ತ ಕುಲವಿಲ್ಲದವನು’ ಎಂಬರ್ಥದ ಲ್ಯಾಟಿನ್ ಮಾತನ್ನು ಶಾಲಾ ದಾಖಲೆಗಳಲ್ಲಿ ಚಿಕ್ಕದಾಗಿ ಬರೆಯುತ್ತಿದ್ದುದರಿಂದ ಈ ಪದ ಹುಟ್ಟಿತೆಂಬ ಕತೆಯನ್ನು ಎಲ್ಲೆಡೆ ಹಂಚುತ್ತಾರೆ, ಅದಕ್ಕೆ ಆಧಾರವಿಲ್ಲ. ಹಾಗಾಗಿ ಇಂದಿನ ಸ್ನಾಬ್‌ಗೆ ಎರಡು ನೋಟಗಳಿವೆ, ಮೇಲೆ ನೋಡುವಾಗ ಜೊಲ್ಲು, ಕೆಳಗೆ ನೋಡುವಾಗ ತಾತ್ಸಾರ. ನಮ್ಮ ‘ಜಂಬಗಾರ’ನಿಗೆ ಮೊದಲನೆಯ ನೋಟವೇ ಇಲ್ಲ. ಅವನು ತನ್ನಲ್ಲಿಯೇ ತೃಪ್ತ.

ಹಾಗೆ ತನ್ನಲ್ಲಿಯೇ ತೃಪ್ತನಾದವನಿಗೆ ಫ್ರೆಂಚಿನಲ್ಲಿ ಬೇರೆಯೇ ಪದವಿದೆ, ‘ಸುಫೀಸಾಂ’ ಎಂದು. ಅಕ್ಷರಾರ್ಥದಲ್ಲಿ ಅದು ‘ಸಾಕಷ್ಟಿರುವ’ ಎಂದಷ್ಟೇ ಆಗುತ್ತದೆ. ಅನ್ನ ಸಾಕಷ್ಟಿದೆ ಎನ್ನಲೂ ಅದೇ ಪದ, ತನಗೆ ತಾನೇ ಸಾಕೆಂದು ಬೀಗುವವನನ್ನು ಬೈಯಲೂ ಅದೇ ಪದ. ನಿಮ್ಮ ಪಟ್ಟಿಯ ‘ಫಾತ್’ ಅದರ ಹತ್ತಿರದ ನೆಂಟ. ಅದನ್ನು ಬರೆಯುವ ಅಕ್ಷರಗಳು ಇಂಗ್ಲಿಷಿನ ‘ದಪ್ಪ’ ಎಂಬ ಪದದವೇ ಆಗಿರುವುದರಿಂದ, ಅವಸರದಲ್ಲಿ ಓದಿದರೆ ನಿಮ್ಮ ಪಾತ್ರ ಸುಮ್ಮನೆ ಬೊಜ್ಜು ಬೆಳೆಸಿಕೊಂಡೀತು, ಜಾಗ್ರತೆ. ಮೂಲದಲ್ಲಿ ಅದು ಮೂಢ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ತನ್ನ ಅಂದಚಂದಕ್ಕೂ ಜಾಣತನಕ್ಕೂ ತಾನೇ ಮರುಳಾದ ಪೆದ್ದ ಎಂದು ಅದರ ತಾತ್ಪರ್ಯ. ‘ಸ್ವಯಂಮರುಳ’ ಎಂದು ನಾವೇ ಟಂಕಿಸಬಹುದು. ಆದರೆ ಮಕ್ಕಳು ನಗುವುದು ನನಗೆ ಈಗಲೇ ಕೇಳಿಸುತ್ತಿದೆ.

ನಿಮ್ಮ ಪಟ್ಟಿಯಲ್ಲಿಲ್ಲದ ಒಂದು ಜೋಡಿಯನ್ನು ಹೇಳದೆ ಇರಲಾರೆ. ಇಂಗ್ಲಿಷಿನ ‘ಓವರ್‌ವೀನಿಂಗ್’ ಮತ್ತು ಫ್ರೆಂಚಿನ ‘ಊಟ್ರ್‌ಕ್ವಿದಾಂ’ ಒಂದರಿಂದ ಒಂದು ಹುಟ್ಟಿದವಲ್ಲ, ಆದರೂ ಎರಡರ ಕಟ್ಟಡವೂ ಒಂದೇ. ‘ಮೀರಿ’ ಎಂಬ ಪದಕ್ಕೆ ‘ಭಾವಿಸು’ ಎಂಬ ಹಳೆಯ ಕ್ರಿಯಾಪದವನ್ನು ಸೇರಿಸಿ, ತನ್ನ ಬಗ್ಗೆ ಅಳತೆ ಮೀರಿ ಭಾವಿಸಿಕೊಂಡವನು ಎಂದು ಎರಡೂ ಹೇಳುತ್ತವೆ. ಸಂಸ್ಕೃತದ ‘ಪಂಡಿತಂಮನ್ಯ’ ಮತ್ತು ನಾವು ಲೇಖನಗಳಲ್ಲಿ ಬಳಸುವ ‘ಅಹಂಮನ್ಯತೆ’ ಇದೇ ದಾರಿಯಲ್ಲಿ ನಡೆದವು. ಮಲಯಾಳದವರು ‘ಞಾನ್ ಎನ್ನ ಭಾವಂ’ (ನಾನೆಂಬ ಭಾವ) ಎನ್ನುವಾಗಲೂ ದೋಷವಿರುವುದು ಭಾವಿಸಿಕೊಳ್ಳುವುದರಲ್ಲಿ.

ತಲೆಯ ವಿಚಾರದಲ್ಲಿಯೂ ಎಲ್ಲರಿಗೂ ಒಮ್ಮತವಿದೆ. ಇಂಗ್ಲಿಷರಿಗೆ ತಲೆ ಊದಿಕೊಳ್ಳುತ್ತದೆ, ಫ್ರೆಂಚರಿಗೆ ತಲೆ ದಪ್ಪವಾಗುತ್ತದೆ, ಆಡುಮಾತಿನಲ್ಲಿ ಕರ್ಬೂಜ ಹಣ್ಣೇ ಆಗಿಬಿಡುತ್ತದೆ. ಮಲಯಾಳದಲ್ಲಿ ‘ತಲಕ್ಕನಂ’, ಅಂದರೆ ತಲೆಭಾರ. ನಮ್ಮ ‘ದಿಮಾಕು’ ಕೂಡ ಅರಬ್ಬಿಯಲ್ಲಿ ಮಿದುಳು ಎಂಬರ್ಥದ ಪದವೇ. ಫ್ರೆಂಚರು ಮಾತ್ರ ಇನ್ನೂ ಒಂದು ಹೆಜ್ಜೆ ಕೆಳಗಿಳಿದಿದ್ದಾರೆ. ಯಾರಾದರೂ ತನ್ನನ್ನು ತಾನೇ ಹೊಗಳಿಕೊಂಡರೆ, “ನಿನ್ನ ಪಾದದ ಗಂಟು ಹೇಗಿದೆ, ಬಾತಿಲ್ಲ ತಾನೆ?” ಎಂದು ಕಾಳಜಿಯಿಂದ ವಿಚಾರಿಸುತ್ತಾರೆ. ಹೂಸಿಗೂ ಆಸನದ ಎತ್ತರಕ್ಕೂ ಸಂಬಂಧಿಸಿದ ಮತ್ತೊಂದು ಮಾತೂ ಅವರಲ್ಲಿದೆ. ಶಾಲೆಯ ನಾಟಕವಾದ್ದರಿಂದ ಅದನ್ನು ಬಿಡಿಸಿ ಹೇಳುವುದಿಲ್ಲ.

ಚೌಕಿಯ ಬಾಗಿಲು, ಕುಂಬಳೆ:

ಹಿರಿಯರು ನಿಘಂಟಿನ ಕಡೆಯಿಂದ ಹೇಳಿದ್ದಾರೆ. ಯಕ್ಷಗಾನದ ಆಟ ನೋಡುತ್ತ ಬೆಳೆದ ನನಗೆ ಇದರಲ್ಲಿ ಎರಡು ಪದಗಳು ಬಹಳ ಪರಿಚಿತವಾಗಿ ಕಂಡವು.

ಮೊದಲನೆಯದು ‘ಮಾ ತ್ಯು ವ್ಯು’. “ನೀನು ನನ್ನನ್ನು ನೋಡಿದೆಯಾ?” ಎಂಬ ಇಡೀ ವಾಕ್ಯವೇ ಅಲ್ಲಿ ನಾಮಪದವಾಗಿದೆ. ನಟರು ಒಬ್ಬರನ್ನೊಬ್ಬರು ಕಂಡಾಗ, ಆ ನಾಟಕದಲ್ಲಿ ನನ್ನನ್ನು ನೋಡಿದೆಯಾ, ಈ ಪಾತ್ರದಲ್ಲಿ ನೋಡಿದೆಯಾ ಎಂದು ಕೇಳುತ್ತಿದ್ದ ಚಾಳಿಯಿಂದ ಇದು ಬಂತೆನ್ನುತ್ತಾರೆ. ಇದಕ್ಕೆ ಪ್ಯಾರಿಸಿನವರೆಗೆ ಹೋಗಬೇಕಾಗಿಲ್ಲ. ಬೆಳಗಿನ ಜಾವ ಆಟ ಮುಗಿದು, ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಮುಖದ ಬಣ್ಣವನ್ನು ತೆಂಗಿನೆಣ್ಣೆ ಹಚ್ಚಿ ಒರೆಸುತ್ತಿರುವಾಗ, ಒಂದು ಕಣ್ಣಿನ ಸುತ್ತ ಕಪ್ಪು ಇನ್ನೂ ಹಾಗೆಯೇ ಉಳಿದಿರುವಾಗಲೇ, “ಇವತ್ತಿನ ನನ್ನ ವೇಷ ನೋಡಿದ್ರಾ?” ಎಂದು ಕೇಳುವವರನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ನೋಡಿಲ್ಲ, ನಿದ್ದೆ ಬಂತು ಎಂದು ನಿಜ ಹೇಳಿದರೆ ಮುಂದಿನ ಸಲ ಚೌಕಿಯೊಳಗೆ ಕೂರಲು ಜಾಗ ಸಿಗುವುದಿಲ್ಲ. ನಿಮ್ಮ ಪಾತ್ರವನ್ನು ಧೈರ್ಯವಾಗಿ ‘ವೇಷ ನೋಡಿದ್ರಾ’ ಎಂದು ಕರೆಯಿರಿ. “ಬಂದರು ನೋಡಿ, ವೇಷ ನೋಡಿದ್ರಾ ಸಾಹೇಬರು” ಎಂದರೆ ನಮ್ಮ ಸಭೆಯಲ್ಲಿ ಅರ್ಥವಾಗದವರಿರಲಾರರು.

ಎರಡನೆಯದು ಪಾಂಪಸ್. ಇದರ ಮೂಲ ಗ್ರೀಕಿನಲ್ಲಿ ಮೆರವಣಿಗೆ ಎಂಬರ್ಥದ ಪದ. ಅದು ಲ್ಯಾಟಿನ್ನಿಗೂ, ಅಲ್ಲಿಂದ ಫ್ರೆಂಚ್, ಇಂಗ್ಲಿಷ್‌ಗಳಿಗೂ ಬಂತು. ಕನ್ನಡದಲ್ಲಿಯೂ ‘ಮೆರೆ’ ಎಂಬ ಒಂದೇ ಧಾತುವಿನಿಂದ ದೇವರ ಮೆರವಣಿಗೆಯೂ ಬಂದಿದೆ, “ಅಧಿಕಾರ ಸಿಕ್ಕಿತೆಂದು ಮೆರೆಯುತ್ತಿದ್ದಾನೆ” ಎಂಬ ನಿಂದೆಯೂ ಬಂದಿದೆ. ನಿಮ್ಮ ಅಧಿಕಾರಿಗೆ ಇದಕ್ಕಿಂತ ಸರಿಯಾದ ಮಾತು ಸಿಗದು.

ಇಂಥ ಅಧಿಕಾರಿಯನ್ನು ಬಹಳ ಹತ್ತಿರದಿಂದ ನೋಡಿದವನು ನಾನು. ನಮ್ಮ ಕಡೆಯ ಒಂದು ಸಭಾ ಕಾರ್ಯಕ್ರಮದಲ್ಲಿ ವೇದಿಕೆಯ ಮೇಲೆ 14 ಕುರ್ಚಿಗಳಿದ್ದವು, ಆಟ ಆರಂಭವಾಗಬೇಕಾದ ಹೊತ್ತು ಮೀರಿ ಹೋಗಿತ್ತು, ಭಾಗವತರು ಜಾಗಟೆ ಹಿಡಿದು ಮೂಲೆಯಲ್ಲಿ ಕಾಯುತ್ತಿದ್ದರು. 13 ಕುರ್ಚಿಗಳು ತುಂಬಿದ್ದವು. ಹದಿನಾಲ್ಕನೆಯವರು ಮೆಟ್ಟಿಲ ಬುಡದಲ್ಲಿಯೇ ನಿಂತಿದ್ದರು. ಯಾಕೆಂದು ವಿಚಾರಿಸಿದರೆ, ನಿರೂಪಕ ತಮ್ಮ ಹೆಸರಿನ ಮುಂದಿನ ವಿಶೇಷಣವನ್ನು ಓದದೆ ಬಿಟ್ಟಿದ್ದಾನಂತೆ. ಆತ ಮತ್ತೊಮ್ಮೆ ವಿಶೇಷಣ ಸಹಿತವಾಗಿ ಕರೆದ ಮೇಲೆ ಅವರು ಮೇಲೇರಿದರು, ಶಾಲನ್ನು ಸರಿಪಡಿಸಿಕೊಂಡರು, ಸಭೆಗೆ ಕೈಮುಗಿದರು. ಅಷ್ಟರಲ್ಲಿ ಮುಂದಿನ ಸಾಲಿನ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಅಮ್ಮಂದಿರ ಮಡಿಲಲ್ಲಿ ನಿದ್ದೆಹೋಗಿದ್ದರು. ಅವರ ಭಾಷಣದ ಮೊದಲ ವಾಕ್ಯ “ಸಮಯದ ಅಭಾವವಿರುವುದರಿಂದ” ಎಂದು ಆರಂಭವಾಯಿತು.

ಜಂಬಕ್ಕೆ ನಮ್ಮ ರಂಗದ ದೊಡ್ಡ ಸಂಕೇತ ಉತ್ತರಕುಮಾರ. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ನೀವು ಅವನನ್ನು ಈ ಆರರಲ್ಲಿ ಯಾರಿಗೂ ಕೊಡಬೇಡಿ. ಅವನು ಬಡಾಯಿಕೋರ, ಮಾಡಲಾಗದ್ದನ್ನು ಮಾಡುತ್ತೇನೆಂದು ಹೇಳಿದವನು. ಸ್ನಾಬ್ ಹಾಗೆ ಏನನ್ನೂ ಹೇಳುವುದಿಲ್ಲ, ಸುಮ್ಮನೆ ಮೂಗಿನ ತುದಿಯಿಂದ ನೋಡುತ್ತಾನೆ. ತಾಳಮದ್ದಳೆಯಲ್ಲಿ ಅರ್ಥ ಹೇಳಲು ಉತ್ತರನಿಂದ ಒಂದು ಗಂಟೆಯ ಸಾಮಗ್ರಿ ಸಿಗುತ್ತದೆ, ಸ್ನಾಬ್‌ನಿಂದ ಎರಡು ನಿಮಿಷದ್ದೂ ಸಿಗದು.

ಚಂದ್ರಗಿರಿ ತೀರ:

ಮಾಷ್ಟ್ರಿಗೆ ನಮಸ್ಕಾರ. ಪಾರ್ವೆನ್ಯೂ ಎಂಬುದನ್ನು ಯಾರೂ ಮುಟ್ಟಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಫ್ರೆಂಚಿನಲ್ಲಿ ಅದರ ಅರ್ಥ ‘ತಲುಪಿದವನು’, ‘ಬಂದು ಮುಟ್ಟಿದವನು’ ಎಂದಷ್ಟೇ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷರು ಅದನ್ನೂ, ‘ಹೊಸ ಸಿರಿವಂತ’ ಎಂಬರ್ಥದ ‘ನೂವೋ ರಿಶ್’ ಎಂಬುದನ್ನೂ ಹಾಗೆಯೇ ಎತ್ತಿಕೊಂಡರು. ಕನ್ನಡದಲ್ಲಿ “ಅವರು ಕಷ್ಟಪಟ್ಟು ಮೇಲೆ ಬಂದವರು” ಎಂದರೆ ಅದು ಶುದ್ಧ ಹೊಗಳಿಕೆ. ಅದೇ ಬರುವಿಕೆ ಫ್ರೆಂಚಿನಲ್ಲಿ ಬೈಗುಳವಾಗಿದೆ. ಹಾಗಾಗಿ ಪದಕ್ಕೆ ಪದ ಇಟ್ಟರೆ ನಿಮ್ಮ ನಾಟಕದಲ್ಲಿ ಒಬ್ಬ ಇನ್ನೊಬ್ಬನಿಗೆ ಸನ್ಮಾನಪತ್ರ ಓದಿದಂತಾಗುತ್ತದೆ.

ಇಲ್ಲಿ ಯಾರಾದರೂ “ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ” ಎಂಬ ಗಾದೆಯನ್ನು ತಂದೇ ತರುತ್ತಾರೆ, ಮಲಯಾಳದಲ್ಲಿಯೂ ತಮಿಳಿನಲ್ಲಿಯೂ ಅದು ಹೆಚ್ಚುಕಡಿಮೆ ಹಾಗೆಯೇ ಇದೆ. ಅರ್ಥದ ದೃಷ್ಟಿಯಿಂದ ಅದು ಪಾರ್ವೆನ್ಯೂಗೆ ಕರಾರುವಾಕ್ಕಾಗಿ ಹೊಂದುತ್ತದೆಂಬುದನ್ನು ಒಪ್ಪುತ್ತೇನೆ. ಆದರೂ ಮಕ್ಕಳ ಬಾಯಿಯಲ್ಲಿ ಅದನ್ನು ಹಾಕಿಸುವ ಮೊದಲು ಒಮ್ಮೆ ಯೋಚಿಸಬೇಕೆಂದು ನನ್ನ ವಿನಂತಿ. ಕೊಡೆ ಎಂಬುದು ಮಳೆಗೆ ಹಿಡಿಯುವ ವಸ್ತು ಮಾತ್ರವಾಗಿರಲಿಲ್ಲ, ಸ್ಥಾನಮಾನದ ಗುರುತಾಗಿತ್ತು. ಅರಸನಿಗೆ ಬೆಳ್ಗೊಡೆ ಇತ್ತು, ದೇವರಿಗೆ ಸತ್ತಿಗೆ ಇತ್ತು. ಇತ್ತ ತಿರುವಾಂಕೂರಿನಲ್ಲಿ ಕೆಳಜಾತಿ ಎನ್ನಿಸಿಕೊಂಡವರು ಕೊಡೆ ಹಿಡಿಯುವುದಕ್ಕೇ ನಿಷೇಧವಿತ್ತು. ಅಂಥ ಕಾಲದಲ್ಲಿ, ಕೊಡೆಯ ಹಕ್ಕು ಹೊಸದಾಗಿ ಸಿಕ್ಕಿದ ಒಬ್ಬ ಮನುಷ್ಯ ಅದನ್ನು ರಾತ್ರಿಯೂ ಬಿಡಲಾರದೆ ಹಿಡಿದಿದ್ದರೆ, ನಗುತ್ತಿದ್ದವರು ಹಗಲಿಡೀ ಕೊಡೆಯ ನೆರಳಿನಲ್ಲಿದ್ದವರೇ ಅಲ್ಲವೇ? ಅಲ್ಪ ಎಂಬ ಪದವನ್ನು ಅಳೆದು ಕೊಟ್ಟವರು ಯಾರು?

ಹಳೇ ನಿಘಂಟು ಅವರು ಹೇಳಿದ ಸ್ನಾಬ್‌ನ ಕತೆಯೂ ಇದನ್ನೇ ಹೇಳುತ್ತದೆ. ಚಮ್ಮಾರನ ಹೆಸರನ್ನು ಓದಿದ ಹುಡುಗರು ಬೈಗುಳ ಮಾಡಿದರು. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಆ ಪದ ತಿರುಗಿ ಬಂದು ಅವರಂಥವರನ್ನೇ ಹಿಡಿಯಿತು. ಪಾರ್ವೆನ್ಯೂಗೆ ಮಾತ್ರ ಆ ಭಾಗ್ಯ ಬರಲಿಲ್ಲ, ಅದು ಇವತ್ತಿಗೂ ಮೇಲಿನಿಂದ ಕೆಳಗೆ ಎಸೆಯುವ ಕಲ್ಲಾಗಿಯೇ ಉಳಿದಿದೆ. ಕಂಪೆನಿಯ ಚಾಕರಿಗೆಂದು ಭಾರತಕ್ಕೆ ಬಂದು ದುಡ್ಡು ಗಂಟುಕಟ್ಟಿಕೊಂಡು ಊರಿಗೆ ಮರಳಿದ ಇಂಗ್ಲಿಷರನ್ನು ಅವರ ಊರಿನ ಹಳೆಯ ಜಮೀನ್ದಾರರು ‘ನೇಬಾಬ್’ ಎಂದು ಹಂಗಿಸುತ್ತಿದ್ದರು. ನಮ್ಮ ‘ನವಾಬ’ನೇ ಅಲ್ಲಿ ಹಾಗಾದದ್ದು. ಲೂಟಿಯ ಹಣ ಎಂಬ ಕಾರಣಕ್ಕೆ ಕೆಲವರು ಬೈದಿರಬಹುದು, ಆದರೆ ತಮ್ಮ ಪಕ್ಕದಲ್ಲಿ ಬಂದು ಕುಳಿತುಬಿಟ್ಟರಲ್ಲ ಎಂಬ ಉರಿಯೂ ಅದರಲ್ಲಿ ಕಡಿಮೆಯಿರಲಿಲ್ಲ.

ಆದ್ದರಿಂದ ಗಾದೆಯನ್ನು ಬಳಸುವುದಾದರೆ, ಅದನ್ನು ಸ್ನಾಬ್‌ನ ಬಾಯಿಯಲ್ಲಿಯೇ ಹೇಳಿಸಿ. ಆಗ ಗಾದೆಯೂ ಉಳಿಯುತ್ತದೆ, ಅದನ್ನು ಆಡುವವನ ಬಣ್ಣವೂ ಹೊರಬೀಳುತ್ತದೆ.

ಉಪ್ಪಳದಿಂದ:

ಪೋಝರ್ ಬಗ್ಗೆ ಒಂದೇ ಮಾತು. ಅದಕ್ಕೆ ಪದ ಹುಡುಕುವ ಅಗತ್ಯವೇ ಇಲ್ಲ, ಯಾಕೆಂದರೆ ಅದು ಆಗಲೇ ನಮ್ಮಲ್ಲಿದೆ. ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಪದವೇ ಫೋಟೋ ಸ್ಟುಡಿಯೋದ ಮೂಲಕ ನಮಗೆ ‘ಪೋಸು’ ಆಗಿ ಸಿಕ್ಕಿದೆ. “ಭಾರೀ ಪೋಸು ಕೊಡಬೇಡ” ಎಂದು ಬೈಸಿಕೊಳ್ಳದ ಮಗು ನಮ್ಮ ಊರಿನಲ್ಲಿಲ್ಲ. ಇನ್ನು, ದಿಮಾಕು, ದೌಲತ್ತು, ಶೋಕಿ ಇವು ಯಾವುವೂ ಹುಟ್ಟುಗನ್ನಡ ಪದಗಳಲ್ಲ. ಫ್ರೆಂಚರು ಸ್ನಾಬನ್ನು ಇಂಗ್ಲಿಷಿನಿಂದ ತಂದರು, ಇಂಗ್ಲಿಷರು ಪಾರ್ವೆನ್ಯೂವನ್ನು ಫ್ರೆಂಚಿನಿಂದ ತಂದರು. ದೊಡ್ಡಸ್ತಿಕೆ ತೋರಿಸುವವನು ಸಾಮಾನ್ಯವಾಗಿ ಪರಭಾಷೆಯ ಎರಡು ಮಾತು ಉದುರಿಸುತ್ತಾನೆ, ಅವನನ್ನು ಬೈಯುವವನೂ ಅದೇ ಪೇಟೆಯಿಂದ ಬೈಗುಳ ಕೊಂಡು ತರುತ್ತಾನೆ. ಹಾಗಿರುವಾಗ ನಮ್ಮ ಮಕ್ಕಳು ದಿನವೂ ಆಡುವ ಮಲಯಾಳದ ‘ಜಾಡ’ (ಡೌಲು ತೋರಿಸಿಕೊಳ್ಳುವುದು) ಎಂಬುದನ್ನು ನಾಟಕದೊಳಗೆ ಬಿಡಲು ಮಾಷ್ಟ್ರು ಹಿಂಜರಿಯುವುದೇಕೆ? “ಅವನಿಗೆ ಎಂತಹ ಜಾಡ!” ಎಂದರೆ ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಯಾರಿಗೂ ಟಿಪ್ಪಣಿ ಬೇಕಾಗಲಾರದು.

ಹಳೇ ನಿಘಂಟು, ನೀಲೇಶ್ವರ:

ಜಾಡಕ್ಕೆ ನನ್ನ ವಿರೋಧವಿಲ್ಲ. ಆದರೆ ಅದನ್ನು ಸ್ನಾಬ್‌ಗೆ ಕೊಡಬೇಡಿ, ಫಾತ್‌ಗೆ ಕೊಡಿ. ಜಾಡ ಇರುವವನು ತನ್ನನ್ನು ತೋರಿಸಿಕೊಳ್ಳುತ್ತಾನೆ, ಯಾರನ್ನೂ ಅಳೆಯಲು ಹೋಗುವುದಿಲ್ಲ.

ಪೆರ್ಲದ ಮಾಷ್ಟ್ರು:

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿನ್ನೆ ಸಂಜೆ ಕೊನೆಯ ದೃಶ್ಯವನ್ನು ಹೊಸದಾಗಿ ಬರೆದು ಮಕ್ಕಳ ಕೈಗೆ ಕೊಟ್ಟೆ. ಪೋಝರ್ ಈಗ ‘ಪೋಸುಗಾರ’ನಾಗಿದ್ದಾನೆ. ‘ವೇಷ ನೋಡಿದ್ರಾ’ ಹಾಗೆಯೇ ನಿಂತಿತು, ಅದಕ್ಕೆ ಅಭ್ಯಾಸದಲ್ಲಿಯೇ ಚಪ್ಪಾಳೆ ಬಂತು. ಅಧಿಕಾರಿಗೆ “ನಿನ್ನ ಮೆರವಣಿಗೆ ಇಲ್ಲಿಗೆ ಸಾಕು” ಎಂಬ ಮಾತನ್ನು ಕೊಟ್ಟಿದ್ದೇನೆ, ಮತ್ತು ಕುಂಬಳೆಯವರ ಅನುಮತಿ ಇದೆಯೆಂದು ಭಾವಿಸಿ, ನಿರೂಪಕ ವಿಶೇಷಣ ಓದುವವರೆಗೆ ಆತ ಮೆಟ್ಟಿಲು ಹತ್ತದಂತೆ ಒಂದು ಸಣ್ಣ ಪ್ರಸಂಗವನ್ನೂ ಸೇರಿಸಿದ್ದೇನೆ. ಫಾತ್‌ಗೆ ಜಾಡ ಹೋಯಿತು. ಕೊಡೆಯ ಗಾದೆಯನ್ನು ಸ್ನಾಬ್ ಹೇಳುತ್ತಾನೆ; ಅದಕ್ಕೆ ಪಾರ್ವೆನ್ಯೂ, “ಹೌದು, ನಿನ್ನೆಯವರೆಗೆ ನಿಮ್ಮ ಕೊಡೆಯನ್ನು ಹಿಡಿಯುತ್ತಿದ್ದವನು ನಾನೇ” ಎಂದು ಉತ್ತರಿಸುತ್ತಾನೆ. ಮೂಲದಲ್ಲಿ ಈ ಮಾತಿಲ್ಲ. ಅನುವಾದದಲ್ಲಿ ಇಷ್ಟು ಸ್ವಾತಂತ್ರ್ಯ ತೆಗೆದುಕೊಂಡದ್ದಕ್ಕೆ ಚಂದ್ರಗಿರಿ ತೀರದ ಅಕ್ಕನವರೇ ಹೊಣೆ.

ಸ್ನಾಬ್‌ಗೆ ಮಾತ್ರ ಒಂದೇ ಪದ ಸಿಗಲಿಲ್ಲ. “ಮೇಲಿನವರ ಕಾಲು ಹಿಡಿದುಕೊಂಡೇ ಕೆಳಗಿನವರ ತಲೆ ತುಳಿಯುವವನು” ಎಂದು ಬಿಡಿಸಿ ಬರೆದಿದ್ದೇನೆ. ಮೊದಲ ದಿನ ಪ್ರಶ್ನೆ ಕೇಳಿದ ಹುಡುಗಿಗೇ ಆ ಮಾತು ಬಂದಿದೆ. ಬೈಗುಳ ತುಂಬ ಉದ್ದವಾಯಿತು, ಹೇಳಿ ಮುಗಿಸುವಷ್ಟರಲ್ಲಿ ಸಿಟ್ಟು ಇಳಿದುಹೋಗುತ್ತದೆ ಎಂದು ಅವಳ ದೂರು. ಶನಿವಾರ ಮತ್ತೆ ಅಭ್ಯಾಸವಿದೆ; ಅಷ್ಟರೊಳಗೆ ಯಾರಿಗಾದರೂ ಮೂರು ಅಕ್ಷರದ್ದು ಹೊಳೆದರೆ ತಿಳಿಸಿ.